ರಾಗಿ ಚೀಲವೂ ಕೂರಿಗೆ ನಕ್ಷತ್ರವೂ

ಗುಂಡ್ಲುಪೇಟೆಯಿಂದ ತಂಗಿಯ ಮಗಳು ಫೋನ್ ಮಾಡಿ, “ಮಾವ, ನಕ್ಷತ್ರದ ಫೋಟೊ ತೆಗೀಬೇಕು, ಹೊಸ ಕ್ಯಾಮೆರಾ ಯಾವ್ದು ತಗೊಳ್ಲಿ?” ಎಂದಳು. ನನ್ನ ಸಲಹೆ ಕೇಳುವವರು ಸಿಗುವುದೇ ಅಪರೂಪ. ಬೀಗುತ್ತ ಅಟ್ಟದಿಂದ ಹಳೆಯ ಕ್ಯಾಮೆರಾ ಬ್ಯಾಗು ಇಳಿಸಿ ಜಿಪ್ ಎಳೆದೆ. ಒಳಗಿಂದ ರಾಗಿಯ ವಾಸನೆ ಬಂತು ನೋಡಿ, ಸಿದ್ಧಮಾಡಿಕೊಂಡಿದ್ದ ಭಾಷಣವೆಲ್ಲ ಮರೆತೇಹೋಯಿತು.

ಪುಣಜನೂರಿನಲ್ಲಿ ನನ್ನ ಸೋದರತ್ತೆ ಇದ್ದಳು. ಚಿಕ್ಕಂದಿನಲ್ಲಿ ನನ್ನನ್ನು ಅಂಗಳದಲ್ಲಿ ಪಕ್ಕಕ್ಕೆ ಮಲಗಿಸಿಕೊಂಡು, ಸಾಲಾಗಿ ನಿಂತ ಮೂರು ನಕ್ಷತ್ರ ತೋರಿಸಿ ‘ಕೂರಿಗೆ’ ಎನ್ನುತ್ತಿದ್ದಳು. ಬಿತ್ತನೆ ಮುಗಿಸಿದ ದೇವರು ಬೀಜ ಬಿತ್ತುವ ಆ ಸಲಕರಣೆಯನ್ನು ಅಲ್ಲೇ ಇಟ್ಟು ಮರೆತನಂತೆ. ವಯಸ್ಸಾದ ಮೇಲೆ ಅವಳ ಕಣ್ಣು ಮಂಜಾಯಿತು. ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ, ಉಳಿದಿರುವಷ್ಟೂ ಹೋಗುತ್ತದೆ ಎಂದುಬಿಟ್ಟರು ಡಾಕ್ಟರು. “ಕಣ್ಣತ್ರ ಇಡ್ಕಂಡ್ರೆ ಇನ್ನೂ ಕಾಣ್ತದ ಕಣ್ಲಾ. ಆದ್ರ ಕೂರ್ಗೆಯ ಎಂಗ್ ಇಡ್ಕಳದು?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕಣ್ಣು ಪೂರ್ತಿ ಹೋಗುವ ಮೊದಲು ಆ ಕೂರಿಗೆಯನ್ನು ಅವಳ ಕೈಗೆ ಕೊಡಬೇಕೆಂದು ಹಟ ಹುಟ್ಟಿತು.

ಚಾಮರಾಜನಗರದಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯನ ಬಳಿ ಓಡಿದೆ. ಮೊಳದುದ್ದದ ಲೆನ್ಸಿನ ಮೇಲೆ ನನ್ನ ಆಸೆ. “ಅದು ನವಿಲು ಹಿಡಿಯಕ್ಕೆ ಕಣ್ಲಾ. ನಿಂಗೆ ಅಗಲ ಕಾಣೋ ಲೆನ್ಸ್ ಬೇಕು, ಬೆಳಕ ಚೆನ್ನಾಗಿ ಎಳ್ಕಳದು. ಹಳೇ ಕ್ಯಾಮೆರಾನೇ ಸಾಕು. ಗಟ್ಟಿ ಸ್ಟ್ಯಾಂಡ್ ತಗ,” ಎಂದ. ಲೆನ್ಸಿನ ಮಾತು ಕೇಳಿದೆ. ಸ್ಟ್ಯಾಂಡು ಮಾತ್ರ ಹೊರಲು ಹಗುರವಿರಲಿ ಎಂದು ಕಡ್ಡಿಯಂಥದ್ದನ್ನು ತಂದೆ. ಮಹಾ ಬುದ್ಧಿವಂತ ನೋಡಿ ನಾನು!

ಅವರೆಕಾಯಿ ಕಾಲ. ಅಮಾವಾಸ್ಯೆ ಹತ್ತಿರದ ಒಂದು ಸಂಜೆ, ಕತ್ತಲು ಕವಿದ ಕೂಡಲೇ ಅತ್ತೆಯ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿದೆ. ನಕ್ಷತ್ರದ ಫೋಟೊಗೆ ಅದು ಹತ್ತು ಹದಿನೈದು ಸೆಕೆಂಡು ಕಣ್ಣು ತೆರೆದೇ ಇರಬೇಕು, ಅಲುಗಬಾರದು. ಕಾಡಿನ ಗಾಳಿಗೆ ಸ್ಟ್ಯಾಂಡು ನಡುಗಿ ನಕ್ಷತ್ರಗಳೆಲ್ಲ ಹುಳುಗಳ ಹಾಗೆ ಬಂದವು. ನನ್ನ ಗೊಣಗಾಟ ಕೇಳಿದ ಅತ್ತೆ ಬಟ್ಟೆಚೀಲಕ್ಕೆ ರಾಗಿ ತುಂಬಿ ತಂದಳು. “ಇದ ನೇತಾಕು. ಭಾರ ಬಿದ್ರ ನಿಲ್ತದ.” ನಿಂತಿತು. ಅವಳನ್ನು ಒಳಗೆ ಕಳಿಸಿ, ದೀಪವೆಲ್ಲ ಆರಿಸಿ ಬಟನ್ ಒತ್ತಿದೆ. ಗೋಡೆ ಸವರಿಕೊಂಡು, ಟಾರ್ಚ್ ಹಿಡಿದು ಬಂದೇಬಿಟ್ಟಳು!

“ಕತ್ಲಲ್ಲಿ ಫೋಟ ಎಂಗ್ಲಾ ಬತ್ತದ? ಬೆಳಕು ಬುಡ್ತಿನಿ, ತಗಿ.”

“ಅಯ್ಯೋ ಅತ್ತೇ!”

ಮತ್ತೆ ತೆಗೆಯೋಣವೆಂದರೆ ಬೆಟ್ಟದ ಮೋಡ ಆಕಾಶ ಮುಚ್ಚಿತು. ಸಿಕ್ಕಿದ ಫೋಟೊವನ್ನೇ ಪರದೆಯ ಮೇಲೆ ದೊಡ್ಡದು ಮಾಡಿ ಕ್ಯಾಮೆರಾ ಅವಳ ಕೈಗಿಟ್ಟೆ. ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಒಂದು... ಎರಡು... ಮೂರೂ ಅವ ಕಣ್ಲಾ!” ಅವಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ. “ಕೆಳ್ಗಡ ಬೆಳ್ಳಗ ಗೀಟು ಅದಲ್ಲ, ಏನ್ಲಾ ಅದು?”

“ನೀನೇ ಅತ್ತೆ. ನಿನ್ ಟಾರ್ಚು.”

“ನಾನೂ ಬಂದ್ಬುಟ್ನಾ!” ಎಂದು ಸೆರಗು ಸರಿಮಾಡಿಕೊಂಡಳು.

ಅತ್ತೆ ಈಗಿಲ್ಲ. ಬ್ಯಾಗಿನಲ್ಲಿದ್ದ ಆ ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಹುಡುಗಿಗೆ ಹೇಳಿದೆ: ನಿನ್ನಲ್ಲಿರುವ ಕ್ಯಾಮೆರಾವೇ ಸಾಕು, ಸ್ಟ್ಯಾಂಡು ಗಟ್ಟಿಯಾದದ್ದು ಕೊಂಡುಕೋ, ಚೀಲ ನಾನು ತಂದುಕೊಡುತ್ತೇನೆ. ಹಾಗೇ ಆ ಫೋಟೊವನ್ನೂ ಕಳಿಸಿದೆ.

“ಸಕತ್ತಾಗದೆ ಮಾವ. ಆ ಗೀಟೊಂದು ಅಳಿಸಿ ಕಳಿಸ್ಲಾ?”

“ಮುಟ್ಬೇಡ ಕಣಮ್ಮಿ,” ಎಂದೆ. “ನಮ್ಮತ್ತೆ ನಡ್ಕಂಡ್ ಬತ್ತಾವಳೆ.”