ಅತ್ತಿಯ ಕಾಳಿ ಚಾರ್

ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಒಂದು ಕರಿ ಪೆಟ್ಟಿಗೆ ಬಂದು ಕೂತಿದೆ. ತುಂಬ ತಿರುಗುಗುಂಡಿಗಳು, ತೂತುಗಳು, ತೂತಿನಿಂದ ತೂತಿಗೆ ಹಾಯ್ದ ಬಣ್ಣಬಣ್ಣದ ವಾಯರುಗಳು. ಟೆಲಿಫೋನ್ ಕಚೇರಿಯ ಯಾವುದೋ ಯಂತ್ರ ರಿಪೇರಿಗೆ ಬಂದಿದೆಯೆಂದು ನೋಡಿದವರು ತಿಳಿಯಬೇಕು. ಅಣ್ಣನ ಮಗಳು ಸ್ನೇಹಾ ಅದಕ್ಕೆ ಮಾಡ್ಯುಲರ್ ಸಿಂಥಸೈಸರ್ ಅನ್ನುತ್ತಾಳೆ. ಸಂಗೀತದ ಪೆಟ್ಟಿಗೆಯಂತೆ, ಆದರೆ ಬೆರಳಿಡಲು ಹಾರ್ಮೋನಿಯಂನಂತೆ ಕರಿ-ಬಿಳಿ ಮನೆ ಒಂದೂ ಇಲ್ಲ. ಯಾವ ದೇಶದ ಯಾವ ಕಂಪನಿ ಈ ವಾರ ಯಾವ ಹೊಸ ಪೆಟ್ಟಿಗೆ ಬಿಟ್ಟಿತೆಂದು ಆಕೆ ಊಟಕ್ಕೆ ಕೂತಾಗ ಫೋನಿನಲ್ಲಿ ನೋಡುತ್ತಾಳೆ. ಅಷ್ಟರಲ್ಲಿ ಸಾರು ಆರಿರುತ್ತದೆ.

ಮೊನ್ನೆ ಹಾಗೆಯೇ ನೋಡುತ್ತ, “ಕಾಕಾ, ಈ ಹೊಸಾದ್ರಾಗ ಒಂದ ಗುಂಡಿ ತಿರುವಿದ್ರ ಇಡೀ ಹಾಡ ಕೆಳಗ ಇಳೀತೈತಿ. ಟ್ರಾನ್ಸ್‌ಪೋಸ್ ಅಂತಾರ್ರಿ ಅದಕ್ಕ,” ಅಂದಳು.

“ಗೊತ್ತೈತಿ ಬಿಡು.”

“ನಿಮಗ? ಹೆಂಗ?”

ಆ ‘ನಿಮಗ’ದಲ್ಲಿ ಗೌರವ ಅಷ್ಟೇನೂ ಇರಲಿಲ್ಲ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಒಂದೇ ಷರತ್ತು: ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ, ನೀವೂ ಸ್ವಲ್ಪ ಕೈ ಬಿಗಿಹಿಡಿದೇ ನಂಬಿ.

ರಾಯಬಾಗದಲ್ಲಿ ನಮ್ಮ ಸೋದರತ್ತೆ ಇದ್ದಳು, ನಮ್ಮ ಬಾಯಲ್ಲಿ ಅತ್ತಿ. ಸೋಮವಾರ ಸಂಜೆ ಈಶ್ವರ ಗುಡಿಯ ಭಜನೆಯಲ್ಲಿ ಮುಂದಿನ ದನಿ ಅವಳದೇ. ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದ ಅವಳ ಗಂಡ, ನಮ್ಮ ಮಾಮಾ, ಎದುರು ಕೂತು ಪೇಟಿ ನುಡಿಸುತ್ತಿದ್ದರು. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎಂದೇ ಹೆಸರು. ಪೇಟಿಗಳೆಲ್ಲ ಬರುತ್ತಿದ್ದದ್ದು ಮಿರಜದಿಂದ, ಹೀಗಾಗಿ ಅವುಗಳ ಮನೆ ಎಣಿಸುವ ಲೆಕ್ಕವೂ ಆ ಕಡೆಯ ಮರಾಠಿಯದೇ. ಅತ್ತಿಯ ಷಡ್ಜ ‘ಕಾಳಿ ಚಾರ್’, ಅಂದರೆ ನಾಲ್ಕನೆಯ ಕರಿ ಮನೆ. ಮಾಮಾನ ಬೆರಳು ಅಲ್ಲಿ ಕೂತಿದ್ದನ್ನು ಕಣ್ಣಾರೆ ನೋಡಿಯೇ ಅವಳು ಬಾಯಿ ತೆರೆಯುವಳು.

ಐವತ್ತು ದಾಟಿದ ಮೇಲೆ ಅವಳ ದನಿ ಮೇಲಿನ ಸಾಲಿನಲ್ಲಿ ಸೀಳತೊಡಗಿತು. ಒಮ್ಮೆ ಮನೆಯಲ್ಲಿ ಮಾಮಾ ಮೆಲ್ಲಗೆ ಎರಡು ಮನೆ ಕೆಳಗೆ ಹಿಡಿದರು. ಅತ್ತಿ ಅಲ್ಲೇ ನಿಲ್ಲಿಸಿದಳು.

“ಕೈ ಎಲ್ಲೈತಿ?”

“ಸ್ವಲ್ಪ ಆರಾಮ ಆಗ್ಲಿ ಅಂತ...”

“ಕಾಳಿ ಚಾರ್ ಬಿಟ್ಟು ಇಳಿದ ದಿನಾ ನಾ ಗುಡಿಗೆ ಹಾಡಾಕ ಬರೂದಿಲ್ಲ. ಕೈ ಮುಗ್ಯಾಕ ಬರ್ತೀನಿ.”

ಆಡಿದ ಮಾತನ್ನು ಅವಳು ಬಿಡುವವಳಲ್ಲ. ಮಾಮಾ ಮುಂದೆ ಆ ವಿಷಯ ಎತ್ತಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ಮಿರಜಕ್ಕೆ ಹೋಗಿ, ಕರೆಂಟಿನ ಕೀಬೋರ್ಡೊಂದನ್ನು ಕೌದಿಯಲ್ಲಿ ಸುತ್ತಿ, ಕುಡಚಿಯ ತನಕ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. “ಭಾತಾ ಒತ್ತಿ ಒತ್ತಿ ಎಡಗೈ ಬಿದ್ದೈತಿ” ಎಂಬುದು ಅವರು ಊರಿಗೆಲ್ಲ ಕೊಟ್ಟ ಕಾರಣ; ಭಾತಾ ಅಂದರೆ ಪೇಟಿಗೆ ಗಾಳಿ ಊದುವ ತಿದಿ.

ನಿಜವಾದ ಕಾರಣ ನನ್ನ ಕಿವಿಗೆ ಬಿತ್ತು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆಂದು ಅಲ್ಲಿದ್ದೆ. ಮಾಮಾ ಪಕ್ಕಕ್ಕೆ ಕರೆದು ಅಂದರು: “ಲೇ ತಮ್ಮಾ, ಈ ಇಂಗ್ಲಿಷ್ ಪುಸ್ತಕಾ ಓದು. ಕೈ ಇದ್ದಲ್ಲೇ ಇಟ್ಟು ಸೂರ ಇಳಸೂದು ಇದರಾಗ ಐತಂತ ಅಂಗಡ್ಯಾಂವ ಹೇಳ್ಯಾನ. ಅತ್ತೀ ಮುಂದ ಬಾಯಿ ಬಿಟ್ಟೀಯಂದ್ರ ನೋಡ ಮತ್ತ!”

ಗುಂಡಿ ಸಿಕ್ಕಿತು. ಎರಡು ಸಲ ಒತ್ತಿದರೆ ಪುಟ್ಟ ಕಿಟಕಿಯಲ್ಲಿ ಮೈನಸ್ ಎರಡು: ಬೆರಳು ಇದ್ದಲ್ಲೇ, ದನಿ ಎರಡು ಮನೆ ಕೆಳಗೆ. ಅಂಕಿ ಕೆಂಪಗಿತ್ತೋ ಹಸಿರಾಗಿತ್ತೋ, ಆಣೆ ಮಾಡಲಾರೆ.

ಮೊದಲ ಸೋಮವಾರ ನಾನು ತಪ್ಪಿ ಬೇರೊಂದು ಗುಂಡಿ ಒತ್ತಿದ್ದರಿಂದ ಈಶ್ವರನ ಮುಂದೆ ಡಿಸ್ಕೋ ತಾಳ ಶುರುವಾಯಿತು. “ಕುಣೀಲಿ ಬಿಡ್ರಿ, ನಟರಾಜ ಅಲ್ಲೇನ ಅಂವಾ!” ಎಂದು ಯಾರೋ ಕೂಗಿದರು. ಆ ನಗೆಯ ನಡುವೆ ಸರಿಯಾದ ಗುಂಡಿ ಒತ್ತಿದೆ. ಮಾಮಾನ ಬೆರಳು ಕಾಳಿ ಚಾರ್ ಮೇಲೆ ಕೂತಿತು. ಅತ್ತಿ ನೋಡಿದಳು, ಹಾಡಿದಳು. ಮೇಲಿನ ಸಾಲು ಸೀಳಲಿಲ್ಲ.

“ವೈನಿ, ಪೇಟಿ ಹೊಸಾದು ಬಂತು, ನಿಮ್ಮ ದನೀನೂ ಹರೇದ್ದಾತು ನೋಡ್ರಿ!” ಎಂದಳು ಪಕ್ಕದ ಮನೆಯಾಕೆ.

“ಕರೆಂಟಿನ ಪೇಟಿ ಐತೆವ್ವಾ, ನನಗೂ ಹೊಡದೈತಿ,” ಅಂದಳು ಅತ್ತಿ.

ಮಾಮಾನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆವು.

ಮುಂದಿನ ರಜೆಯಲ್ಲಿ ನಾನು ಬಂದಾಗ ಕುಡಚಿಯ ದಸ್ತಗೀರಸಾಬರು ತಮ್ಮ ಹಳೆಯ ಪೇಟಿಯೊಂದಿಗೆ ಭಜನೆಗೆ ಬಂದಿದ್ದರು. ಮಾಮಾನ ಪಕ್ಕ ಕೂತು, ಅವರ ಬೆರಳು ಎಲ್ಲಿದೆಯೆಂದು ನೋಡಿ, ತಾವೂ ಕಾಳಿ ಚಾರ್ ಒತ್ತಿದರು. ಜೋಡೆತ್ತು ಎರಡು ದಿಕ್ಕಿಗೆ ಎಳೆದಂತಾಯಿತು. ತಾಳಗಳು ನಿಂತವು. ಸಾಬರು ಮತ್ತೆ ಒತ್ತಿದರು, ಮತ್ತೆ ಅದೇ ಕರ್ಕಶ. ಮಾಮಾನ ಹಣೆಯಲ್ಲಿ ಬೆವರು. ಮುಗಿಯಿತು, ಅತ್ತಿ ಇನ್ನು ಹಾಡುವುದಿಲ್ಲ ಅಂದುಕೊಂಡೆ.

ಅತ್ತಿ ಸೆರಗು ಸರಿಮಾಡಿಕೊಂಡಳು. “ದಸ್ತಗೀರಣ್ಣಾ, ನಿಮ್ಮ ಪೇಟೀ ಸೂರ ಏರೇತ್ರಿ. ಕುಡಚಿ ಬಸ್ಸಿನ ಧಕ್ಕಾ ತಿಂದೈತಿ. ಕಾಳಿ ತೀನ್ ಹಿಡೀರಿ, ಕೂಡತೈತಿ.”

ಸಾಬರು ಅವಳನ್ನು ನೋಡಿದರು. ಮಾಮಾನನ್ನು ನೋಡಿದರು. ಆಮೇಲೆ ತಮ್ಮ ಪೇಟಿಯ ಬೆನ್ನು ತಟ್ಟಿ, “ಹೌದ್ರಿ ಅಕ್ಕಾರ, ಮುದುಕಾಗೈತಿ. ಒಮ್ಮೊಮ್ಮೆ ಏರತೈತಿ,” ಅಂದು ಮೂರನೆಯ ಕರಿ ಮನೆ ಒತ್ತಿದರು. ನಡುವಿನ ಬಿಳಿ ಮನೆಯನ್ನೂ ಎಣಿಸಿದರೆ ಅದು ಸರಿಯಾಗಿ ಎರಡು ಮನೆ ಕೆಳಗೆ. ಎರಡೂ ಪೇಟಿ ಕೂಡಿದವು. ಭಜನೆ ಸಾಗಿತು.

ಮನೆಗೆ ಬರುವಾಗ ಅತ್ತಿ ಹೆಂಗಸರೊಡನೆ ಮುಂದಿದ್ದಳು. ಮಾಮಾ ನನ್ನ ಕಿವಿಯಲ್ಲಿ, “ದೇವರು ದೊಡ್ಡಾಂವ. ಆಕಿಗೆ ಗೊತ್ತಾಗ್ಲಿಲ್ಲ ನೋಡು,” ಅಂದರು. ಅವರು ಅದನ್ನು ನಂಬಿದ್ದರೋ, ನಾನು ನಂಬಲೆಂದು ಹೇಳಿದರೋ, ಇಂದಿಗೂ ತಿಳಿಯದು.

ಆ ದಿನದ ನನ್ನ ದಿನಚರಿ ತೆಗೆದು ನೋಡಿದೆ. “ಭಜನೆ. ಪ್ರಸಾದದ ಉಸುಳಿಗೆ ಉಪ್ಪು ಹೆಚ್ಚು” ಎಂದಷ್ಟೇ ಇದೆ. ಹಾಗಾದರೆ ಅತ್ತಿ ‘ಕಾಳಿ ತೀನ್’ ಎಂದು ಖಚಿತವಾಗಿ ಹೇಳಿದ್ದಳೇ? ಅಥವಾ ‘ಸ್ವಲ್ಪ ಇಳಸ್ರಿ’ ಅಂದದ್ದಕ್ಕೆ ನಾನೇ ಆಮೇಲೆ ಲೆಕ್ಕ ಸೇರಿಸಿ, ಅವಳಿಗೆ ಎಲ್ಲ ಗೊತ್ತಿತ್ತೆಂಬ ಚೆಂದದ ಕತೆ ಕಟ್ಟಿಕೊಂಡೆನೇ? ಈ ಅನುಮಾನ ಬಹಳ ವರ್ಷ ನನ್ನ ಜೊತೆಗಿತ್ತು.

ಮೊನ್ನೆಯ ಊಟವಾದ ಮೇಲೆ ಸ್ನೇಹಾ, “ಅಷ್ಟ ಗೊತ್ತಿದ್ರ ಒಂದ ಹಾಡ ಹಾಡ್ರಿ,” ಎಂದು ಪೆಟ್ಟಿಗೆಯಲ್ಲಿ ಷಡ್ಜ ಹಿಡಿಸಿದಳು. ಅತ್ತಿಯ ಭಜನೆಯೊಂದನ್ನು ಎತ್ತಿಕೊಂಡೆ. ಮೇಲಿನ ಸಾಲಿಗೆ ದನಿ ಸೀಳಿತು. ಸ್ನೇಹಾ ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಫೋನಿನಲ್ಲೇ ಇತ್ತು, ಎಡಗೈ ಮಾತ್ರ ಮೆಲ್ಲಗೆ ಗುಂಡಿಯ ಕಡೆ ಸರಿಯಿತು. ಷಡ್ಜ ಇಳಿಯಿತು. ಎಷ್ಟು ಇಳಿಯಿತೆಂದು ಯಾವ ಕಿಟಕಿಯನ್ನೂ ನೋಡಬೇಕಾಗಲಿಲ್ಲ. ಎರಡು ಮನೆ. ಗಂಟಲೇ ಎಣಿಸಿತು.

ಮತ್ತೆ ಹಾಡಿದೆ. ಮೇಲಿನ ಸಾಲು ಹೋಗಿ ಮುಟ್ಟಿತು.

“ಈಗ ಬರೋಬ್ಬರಿ ಬಂತಲ್ರಿ ಕಾಕಾ,” ಅಂದಳು, ಏನೂ ಅರಿಯದವಳಂತೆ.

“ಹೂಂ,” ಅಂದೆ, “ಮೊದಲ ನಿನ್ನ ಪೆಟ್ಟಿಗಿ ಏರಿತ್ತು.”