ಒಳಗೆ ಎಂಬ ಶುದ್ಧ ಮಾತು

ನಾನು ಪರದೇಶದಲ್ಲಿ ಓದಿದವನು. ಇದು ನನ್ನ ಮಾತಲ್ಲ, ಅಮ್ಮನದು. ಮೈಸೂರಿನ ಕಾಲೇಜಿನವರು ನನ್ನ ಅಂಕಗಳನ್ನು ನೋಡಿ ದೂರದಿಂದಲೇ ಕೈಮುಗಿದ ಮೇಲೆ, ಸೇಲಂನಲ್ಲಿದ್ದ ಸೋದರಮಾವನ ಮನೆಯಲ್ಲಿದ್ದುಕೊಂಡು ಅಲ್ಲಿನ ಕಾಲೇಜಿಗೆ ಸೇರಿದೆ. ಮಹಾರಾಜರ ಸೀಮೆ ಮುಗಿದು ಇಂಗ್ಲಿಷರ ಸೀಮೆ ಶುರುವಾಗುವುದು ಹೊಸೂರಿಗಿಂತ ಸ್ವಲ್ಪ ಈಚೆ. ಅಷ್ಟು ದಾಟಿದ್ದೇ ಅಮ್ಮನಿಗೆ ಸಾಕಾಯಿತು. "ಮಗ ಪರದೇಶದಲ್ಲಿ ಓದ್ತಿದಾನೆ" ಎಂದು ಬೀದಿ ತುಂಬ ಹೇಳಿಕೊಂಡು ಬಂದಳು. ಹಡಗು ಹತ್ತಿದನೇ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಪರದೇಶದಲ್ಲಿ ಓದುವವನಿಗೆ ಲೋಕಸೇವೆಯ ಹುಚ್ಚು ಹಿಡಿಯದಿದ್ದರೆ ಓದು ಪೂರ್ತಿಯಾಗುವುದಿಲ್ಲ. ನನಗೆ ಅದು ಎರಡನೆಯ ವರ್ಷದ ಬೇಸಿಗೆ ರಜೆಯ ಹೊತ್ತಿಗೆ ಹಿಡಿಯಿತು. ಆಗ ಮೆಟ್ಟೂರಿನಲ್ಲಿ ಕಾವೇರಿಗೆ ಕಟ್ಟುತ್ತಿದ್ದ ಅಣೆ ಇನ್ನೂ ಮುಗಿದಿರಲಿಲ್ಲ. ಕೆಲಸಕ್ಕೆಂದು ಬಂದು ಜ್ವರದಲ್ಲೋ ಭೇದಿಯಲ್ಲೋ ತೀರಿಕೊಂಡವರ ಮಕ್ಕಳಿಗಾಗಿ ಸೇಲಂನ ಕೆಲವು ಸದ್ಗೃಹಸ್ಥರು ಅಲ್ಲೊಂದು ಆಶ್ರಯ ನಡೆಸುತ್ತಿದ್ದರು. ಮಕ್ಕಳಲ್ಲಿ ಹೆಚ್ಚಿನವರು ನಲ್ಲಂಪಳ್ಳಿ, ಪಾಲಕೋಡ್ ಕಡೆಯ ಒಕ್ಕಲು ಮಕ್ಕಳು, ಮನೆಮಾತು ಕನ್ನಡ. "ಕನ್ನಡ ಬಲ್ಲ ವಿದ್ಯಾವಂತರೊಬ್ಬರು ಬೇಕು" ಎಂದು ಕಾರ್ಯದರ್ಶಿಗಳು ಕಾಲೇಜಿಗೆ ಬಂದು ಕೇಳಿದರು. ನಾನು ಕೈಯೆತ್ತಿದೆ. ವಿದ್ಯಾವಂತನೆಂಬುದರ ಬಗ್ಗೆ ನನಗೆ ಆಗಲೂ ಒಂಚೂರು ಅನುಮಾನವಿತ್ತು. ಕನ್ನಡ ಬಲ್ಲೆನೆಂಬುದರ ಬಗ್ಗೆ ಇರಲಿಲ್ಲ.

ಆಶ್ರಯವೆಂದರೆ ಕಲ್ಲುಗೋಡೆಯ ಒಂದು ಉದ್ದನೆಯ ಕೋಣೆ, ಮುಂದೊಂದು ಅಂಗಳ, ಅಂಗಳದಲ್ಲೊಂದು ಹೊಂಗೆ ಮರ, ಹದಿನಾಲ್ಕು ಮಕ್ಕಳು, ಒಬ್ಬ ಅಡುಗೆಯ ಮುದುಕಿ. ಮುದುಕಿ ಪಾಲಕೋಡ್ ಕಡೆಯವಳು. ಮಕ್ಕಳು ಅವಳನ್ನು ತಮಿಳಿನಲ್ಲಿ 'ಪಾಟಿ', ಅಂದರೆ ಅಜ್ಜಿ, ಎಂದು ಕರೆದು, ಕನ್ನಡದಲ್ಲಿ ಅನ್ನ ಕೇಳುತ್ತಿದ್ದವು. ನನ್ನನ್ನು ಅಲ್ಲಿಯ ಮೇಷ್ಟರಂತೆ 'ವಾದ್ಯಾರೆ' ಎನ್ನುತ್ತಿದ್ದವು. ನಾನೇ ಹಾಗೆ ಕರೆಸಿಕೊಳ್ಳುತ್ತಿದ್ದೆ.

ಬಂದ ಎರಡೇ ದಿನದಲ್ಲಿ ಈ ಮಕ್ಕಳ ನಿಜವಾದ ಕೊರತೆ ಏನೆಂದು ಕಂಡುಹಿಡಿದೆ. ತಂದೆತಾಯಿ ಇಲ್ಲದ್ದಲ್ಲ, ಹಾಸಿಗೆ ಇಲ್ಲದ್ದಲ್ಲ. ಅವಕ್ಕೆ ಹಕಾರವಿರಲಿಲ್ಲ. ಹಾಲು ಆಲಾಗಿತ್ತು, ಹಾವು ಆವಾಗಿತ್ತು, ಹೋಗು ಎಂದರೆ ಓಗು. ದಿನಾ ಬೆಳಿಗ್ಗೆ ಸಾಲಾಗಿ ಕೂರಿಸಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಸಿ, ಬಿಸಿಯುಸಿರು ತಾಗುವ ತನಕ 'ಹಾಲು' ಅನ್ನಿಸುತ್ತಿದ್ದೆ. ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಹೇಳಿದ್ದನ್ನು ಎಲ್ಲರಿಗಿಂತ ಮೊದಲು ಮಾಡುವವಳು. ಒಂದು ದಿನ ಅಂಗೈ ಹಿಡಿದು ಬಹಳ ಹೊತ್ತು ಊದಿ ಕೇಳಿದಳು: "ವಾದ್ಯಾರೆ, ಉಸ್ರು ಬಿಟ್ಟಾತು. ಆಲೆಲ್ಲಿ?"

ಪಾಟಿ ಒಲೆಯ ಹತ್ತಿರದಿಂದ ನಕ್ಕಳು. "ರಾಗಿ ಗಂಜಿಗೆ ಉಸ್ರು ಯಾತಕ್ ವಾದ್ಯಾರೆ, ಅದೇ ಆರ್ತೈತೆ."

ಆಶ್ರಯಕ್ಕೂ ನದಿಗೂ ನಡುವೆ ಕಲ್ಲುಗಣಿ. ನದಿಗೆ ಇಳಿಯುವ ಕಾಲುದಾರಿ ಗಣಿಯ ಅಂಚಿನಲ್ಲೇ ಹೋಗುತ್ತಿತ್ತು. ಅಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಮೊದಲು ಸಂಗು ಊದುತ್ತಿದ್ದರು. ಸಂಗು ಎಂದರೆ ಶಂಖವಲ್ಲ, ಉಗಿಯಲ್ಲಿ ಕೂಗುವ ಕೊಳವೆ. ಅದು ಕೂಗಿ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಿಗೆ ಬಂಡೆ ಸಿಡಿಯುತ್ತಿತ್ತು. ಅಷ್ಟರಲ್ಲಿ ಮಕ್ಕಳನ್ನು ಕೋಣೆಯೊಳಗೆ ಸೇರಿಸಬೇಕು. ಪಾಟಿ ಇದಕ್ಕೆ ಸೌಟಿನಿಂದ ತಟ್ಟೆ ಬಡಿದು ಏನೋ ಒಂದು ಕಿರುಚುತ್ತಿದ್ದಳು. ನನಗೆ ಅದು ದನ ಅಟ್ಟಿದಂತೆ ಕಾಣಿಸಿತು. ಇನ್ನು ಮುಂದೆ ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅವಳನ್ನು ಆ ಕೆಲಸದಿಂದ ಬಿಡಿಸಿದೆ.

ಆಗ ಗಣಿಯಲ್ಲಿ ಒಂದು ವಾರ ಮದ್ದಿನ ಕೆಲಸ ನಿಂತಿತ್ತು. ಆ ವಾರ ಪೂರ್ತಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ.

"ಸಂಗು ಕೂಗಿದರೆ ಏನು ಮಾಡಬೇಕು?"

"ಒಳೆಗೆ ಓಡ್ಬೇಕು" ಎಂದು ಹದಿನಾಲ್ಕು ಬಾಯಿ ಒಟ್ಟಿಗೆ ಹೇಳುತ್ತಿದ್ದವು.

ನಾನು 'ಒಳಗೆ ಓಡಬೇಕು' ಎಂದು ಕೇಳಿಸಿಕೊಂಡೆ. ಅದರಲ್ಲಿ ಹಕಾರವೇ ಇಲ್ಲವಲ್ಲ, ತಪ್ಪುವುದಕ್ಕೆ ಏನಿದೆ ಎಂದು ಸಮಾಧಾನಪಟ್ಟೆ. ಆ ಏಳು ವರ್ಷದ ಹುಡುಗಿಗೆ ಮಾತ್ರ ಸಂಶಯ. "ಒಳೆಗೆ ಓಗ್ಬೌದಾ ವಾದ್ಯಾರೆ? ಪಾಟಿ ಬೈತದೆ."

"ಯಾರು ಬೈದರೂ ಸರಿ, ಹೋಗಲೇಬೇಕು" ಎಂದೆ.

ಅವಳ ಮುಖ ಅರಳಿತು. ನನ್ನ ಬೋಧನೆಯ ಫಲವೆಂದುಕೊಂಡೆ.

ಎಂಟನೆಯ ದಿನ ಮಧ್ಯಾಹ್ನ ಸಂಗು ಕೂಗಿತು. ಮಕ್ಕಳು ಹೊಂಗೆ ಮರದ ಕೆಳಗಿದ್ದವು. ನಾನು ಎದ್ದು ನಿಂತು, ಸ್ಪಷ್ಟವಾಗಿ, "ಒಳಗೆ ಓಡಿ" ಎಂದೆ. ಮಕ್ಕಳು ಒಂದರ ಮುಖ ಒಂದು ನೋಡಿಕೊಂಡವು. ಆಮೇಲೆ ಹೋ ಎಂದು ಗೇಟು ದಾಟಿ ಗಣಿಯ ದಾರಿ ಹಿಡಿದವು.

ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಕೂಗಿದೆ. ಇನ್ನೂ ಜೋರಾಗಿ ಓಡಿದವು. "ಒಳಗೆ, ಒಳಗೆ" ಎಂದು ಗಂಟಲು ಹರಿಯುವಂತೆ ಕೂಗುತ್ತ ಗೇಟಿನವರೆಗೆ ಹೋದೆ. ನಾನು ಕೂಗಿದಷ್ಟೂ ಅವು ದೂರವಾದವು. ಹಿಂದೆ ಬಿದ್ದಿದ್ದ ಒಂದು ಪುಟ್ಟ ಮಗುವಂತೂ ನನ್ನ ಕೂಗು ತನಗೇ ಎಂದುಕೊಂಡು ಚಡ್ಡಿ ಹಿಡಿದುಕೊಂಡು ಓಟ ಕಿತ್ತಿತು.

ಪಾಟಿ ತಟ್ಟೆ, ಸೌಟು ಹಿಡಿದು ಹೊರಗೆ ಬಂದಳು. "ಏನ್ ಯೋಳ್ದೆ ಅವಕ್ಕೆ?" ಅದುವರೆಗೆ ನನಗೆ ಬಹುವಚನವಿತ್ತು.

"ಒಳಗೆ ಹೋಗಿ ಅಂದೆ."

"ಮದ್ದಿಕ್ಕವ್ರೆ, ಈಗ ಒಳೆಗ್ಯಾಕ್ ಕಳಿಸ್ದೆ?"

ಅಷ್ಟು ಹೊತ್ತಿಗೆ ನನಗೆ ತಿಳಿಯಿತು. ಹಾಲು ಆಲಾದ ಬಾಯಲ್ಲಿ ಹೊಳೆ ಒಳೆಯಾಗಿತ್ತು. ಅವರಿಗೆ ಒಳೆಗೆ ಎಂದರೆ ನದಿಗೆ. ಮನೆಯೊಳಕ್ಕೆ ಎನ್ನಲು ಅವರದು ಬೇರೆಯೇ ಮಾತು. ಆ ಮಾತನ್ನು ಪಾಟಿ ಈಗ ತಟ್ಟೆ ಬಡಿದು ಕಿರುಚುತ್ತಿದ್ದಳು: "ಒಳೀಕ್ ಬನ್ರಲಾ, ಒಳೀಕ್!"

ಮಕ್ಕಳು ನಿಂತವು. ತಿರುಗಿದವು. ಹೋದಷ್ಟೇ ಜೋರಾಗಿ ವಾಪಸು ಓಡಿಬಂದು ನನ್ನ ಪಕ್ಕದಲ್ಲೇ ಕೋಣೆಗೆ ನುಗ್ಗಿದವು. ಎಣಿಸಿದೆ. ಹದಿಮೂರು. ಎಲ್ಲರಿಗಿಂತ ಮೊದಲು ಮಾಡುವವಳು ಇರಲಿಲ್ಲ. ತಟ್ಟೆಯ ಸದ್ದು ಮುಟ್ಟದಷ್ಟು ಮುಂದೆ ಹೋಗಿದ್ದಳು.

ಪಾಟಿ ತಟ್ಟೆ ಎಸೆದು, ಸೀರೆ ಎತ್ತಿಕಟ್ಟಿ, ಬರಿಗಾಲಲ್ಲಿ ದಾರಿಗೆ ಇಳಿದಳು. ನಾನು ಗೇಟಿನ ಕಲ್ಲುಕಂಬ ಹಿಡಿದುಕೊಂಡಿದ್ದೆ. ಆ ಕಂಬ ನಾನು ಹಿಡಿಯದಿದ್ದರೂ ಬೀಳುತ್ತಿರಲಿಲ್ಲ. ಇದನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪಾಟಿ ಕಲ್ಲಿನ ಗುಡ್ಡೆಯೊಂದರ ಮರೆಗೆ ಕುಕ್ಕುರುಗಾಲಲ್ಲಿ ಕೂತದ್ದು ಕಂಡಿತು, ನೆಲ ಅದುರಿತು, ಧೂಳು ಎಲ್ಲವನ್ನೂ ಮುಚ್ಚಿತು. ಕಲ್ಲುಗಳು ಹೊಂಗೆ ಮರದ ಎಲೆಗಳ ನಡುವೆ ಬೀಳುವ ಸದ್ದು ಆಲಿಕಲ್ಲಿನ ಸದ್ದಿನಂತಿತ್ತು. ಈಗಲೂ ಆಲಿಕಲ್ಲು ಬಿದ್ದರೆ ನನ್ನ ಕೈ ಏನನ್ನಾದರೂ ಹಿಡಿದುಕೊಳ್ಳುತ್ತದೆ.

ಧೂಳು ಇಳಿದ ಮೇಲೆ ಇಬ್ಬರೂ ಬಂದರು. ಹುಡುಗಿಯ ಲಂಗ ಮೊಣಕಾಲತನಕ ಒದ್ದೆ. ಬಂಡೆ ಸಿಡಿದಾಗ ಅವಳು ಗಣಿ ದಾಟಿ ನದಿಯಲ್ಲಿ ನಿಂತಿದ್ದಳು. ನನ್ನ ಮಾತನ್ನು ಅರ್ಧ ಪಾಲಿಸಿದ್ದರೆ ದಾರಿಯಲ್ಲಿರುತ್ತಿದ್ದಳು. ಪೂರ್ತಿ ಪಾಲಿಸಿದ್ದರಿಂದ ಉಳಿದಳು.

"ನಾನೇ ಮೊದ್ಲು ಓದೆ ವಾದ್ಯಾರೆ" ಎಂದಳು. "ನೀವ್ಯಾಕ್ ಬರ್ಲಿಲ್ಲ?"

ಪಾಟಿ ಬೆವರು ಒರೆಸಿಕೊಂಡಳು. "ಓದ್ದೋರ್ ಮಾತ್ ಕೇಳಿ ಓದೋರು. ತಿರುಗಿ ಬಂದಿದ್ದೇ ಪುಣ್ಯ" ಎಂದು ಗಂಜಿ ನೋಡಲು ಹೋದಳು. ಓದಿದವರು ಯಾರು, ಹೋದವರು ಯಾರು ಎಂದು ನನ್ನ ಶುದ್ಧ ಕಿವಿಗೆ ಅದರಲ್ಲಿ ಬಿಡಿಸಲಾಗಲಿಲ್ಲ.

ಆ ವಾರದ ವರದಿಯಲ್ಲಿ ನಾನು ಬರೆದದ್ದು ಇಷ್ಟೇ: 'ಮಕ್ಕಳು ನನ್ನ ಮಾತನ್ನು ಕೂಡಲೇ ಪಾಲಿಸುತ್ತವೆ.' ಇದರಲ್ಲಿ ಸುಳ್ಳಿರಲಿಲ್ಲ. ಕಾರ್ಯದರ್ಶಿಗಳು ಬಹಳ ಮೆಚ್ಚಿ ಕಾಗದ ಬರೆದರು. ಅಮ್ಮ ಅದನ್ನೂ ಬೀದಿಯಲ್ಲಿ ತೋರಿಸಿದಳಂತೆ.

ಆ ಓಟದ ಮರುದಿನವೇ, ಸಂಗಿಗೆ ಮೊದಲೇ, ಮಕ್ಕಳನ್ನು ಒಳಗೆ ಸೇರಿಸುವ ಕೆಲಸ ತಟ್ಟೆ, ಸೌಟಿನೊಂದಿಗೆ ಪಾಟಿಯ ಕೈಗೆ ಹೋಗಿತ್ತು. ಅವಳು ಊರಿಗೆ ಹೋಗಿ ಇಲ್ಲದ ದಿನಕ್ಕಿರಲಿ ಎಂದು ನನಗೂ ಆ ಮಾತು ಕಲಿಸುವ ಕೆಲಸ ಹುಡುಗಿಗೆ ಬಿತ್ತು. ನಾನು 'ಒಳೀಕ್' ಎಂದೆ. ಹೆದರಿದ್ದೆನೋ ಏನೋ, ಉಸಿರು ಜಾಸ್ತಿಯಾಯಿತು. ಅವಳು ತನ್ನ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

"ಉಸ್ರು ತಗಲ್ತೈತೆ ವಾದ್ಯಾರೆ" ಎಂದಳು. "ತಗಲ್ಬಾರ್ದು. ಇನ್ನೊಂದ್ಸಲ ಯೋಳಿ."