ಟೇಮರ್ ರೇನ್ ಮತ್ತು ಗದರಿಕೆ ಸಹಿಸದ ನಾಯಿ

ಟೇಮರ್ ರೇನ್ ತೀರಿಕೊಂಡಾಗ ಊರಿನ ಪುಟ್ಟ ಚರ್ಚಿನಲ್ಲಿ ಪಾದ್ರಿಗಳು ಅವಳನ್ನು ‘ಸೌಮ್ಯ ಸ್ವಭಾವದ ಸೋದರಿ’ ಎಂದುಬಿಟ್ಟರು. ಹೊಸಬರು, ಕಣಿವೆಗೆ ಬಂದು ವರ್ಷ ತುಂಬಿರಲಿಲ್ಲ. ಆದರೂ ನನಗೆ ಎದ್ದುನಿಂತು ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಸೌಮ್ಯವಂತೆ! ಆಯುಷ್ಯವನ್ನೆಲ್ಲ ಸಿಟ್ಟಿನಲ್ಲೇ ಕಳೆದ ಹೆಂಗಸು ಅವಳು. ಆ ಸಿಟ್ಟಿಗೆ ಕಾರಣಗಳಿದ್ದವು. ಅವುಗಳಲ್ಲಿ ನಾನೂ ಒಂದು.

ಟೀಸ್ ಹೊಳೆಯ ಮೇಲ್ಕಣಿವೆಯಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವನು ನಾನು. ಟೇಮರ್ ಮೊಲ ಹಿಡಿಯುವವಳು. ಅವಳಪ್ಪನದೂ ಅದೇ ಕೆಲಸ. ಮೊಲಗಳಿಗೆ ರೋಗ ಬಂದು ಗುಡ್ಡಗಳೆಲ್ಲ ಖಾಲಿಯಾದ ವರ್ಷಗಳಲ್ಲಿ ಅವಳು ಕಂಡವರ ಕಲ್ಲುಗೋಡೆ ಕಟ್ಟಿ ಬದುಕಿದಳು. 1960ರ ಹೊತ್ತಿಗೆ ಮೊಲಗಳು ಮತ್ತೆ ಹೆಚ್ಚಿ ಹುಲ್ಲುಗಾವಲು ಬೋಳಾಗತೊಡಗಿದಾಗ ರೈತರೇ ಅವಳ ಬಾಗಿಲಿಗೆ ಬಂದರು. ಮುಂಗುಸಿಯಂತೆ ಬಿಲಕ್ಕೆ ನುಗ್ಗಿ ಮೊಲಗಳನ್ನು ಹೊರಗಟ್ಟುವ ಎರಡು ಬಿಳಿ ಫೆರೆಟ್‌ಗಳು, ಬಿಲದ ಬಾಯಿಗೆ ಹಾಸುವ ಒಂದು ಚೀಲ ಬಲೆ, ಜೊತೆಗೆ ಟೀಸಲ್ ಎಂಬ ಹೆಣ್ಣುನಾಯಿ. ಇಷ್ಟೇ ಅವಳ ಆಸ್ತಿ.

ಟೀಸಲ್ ಬೆರಕೆ ತಳಿ. ಇಂಥವನ್ನು ನಮ್ಮಲ್ಲಿ ಲರ್ಚರ್ ಅನ್ನುತ್ತೇವೆ. ತಾಯಿ ಪಂದ್ಯದ ಓಟದ ನಾಯಿ, ತಂದೆ ಗುಡ್ಡದಲ್ಲಿ ಕುರಿ ಕಾಯುವ ಕಾಲೀ ತಳಿಯ ನಾಯಿ. ಉದ್ದ ಕಾಲು, ಒರಟು ಬೂದು ಕೂದಲು, ಅರ್ಧ ಮಡಚಿದ ಕಿವಿ. ನೋಡಲು ಏನೂ ಇರಲಿಲ್ಲ, ಆದರೆ ಅದು ಕೆಲಸ ಮಾಡುವುದನ್ನು ನೋಡಬೇಕು. ಬಿಲದ ಬಾಯಿಯಲ್ಲಿ ಮೂಗಿಟ್ಟು, ಒಳಗೆ ಮೊಲವಿದ್ದರೆ ಮಾತ್ರ ಕಲ್ಲಿನಂತೆ ನಿಲ್ಲುತ್ತಿತ್ತು. ಬಲೆ ತಪ್ಪಿಸಿ ಓಡಿದ ಮೊಲವನ್ನು ಹಿಡಿದು, ಒಂದು ಕೂದಲೂ ಕೀಳದೆ, ಜೀವಂತವಾಗಿ ತಂದು ಟೇಮರಳ ಕೈಯಲ್ಲಿಡುತ್ತಿತ್ತು.

ಟೇಮರ್ ಎಲ್ಲರ ಮೇಲೂ ಕೂಗಾಡುವವಳು. ದನದ ಡಾಕ್ಟರು, ಪಾದ್ರಿ, ಜೊತೆಯಲ್ಲಿದ್ದ ಅಣ್ಣ ಜಾಂಟಿ, ಯಾರನ್ನೂ ಬಿಟ್ಟವಳಲ್ಲ. ಕಾಗದ ನೆನೆದಿದ್ದರೆ ಮಳೆ ನಾನೇ ಸುರಿಸಿದೆನೇನೋ ಎಂಬಂತೆ ಬೈಯುತ್ತಿದ್ದಳು. ನಾಯಿಯ ಮೇಲೆ ಮಾತ್ರ ಒಂದು ದಿನವೂ ದನಿ ಏರಿಸಿದ್ದನ್ನು ಕಾಣೆ. ಒಮ್ಮೆ ಕೇಳಿಯೇಬಿಟ್ಟೆ.

“ಬರೀ ಓಟದ ನಾಯಿಗೆ ಬೈದ್ರೆ ನಾಳೆ ಹೊತ್ತಿಗೆ ಮರ್ತಿರುತ್ತೆ ಕಣೋ” ಅಂದಳು. “ಬರೀ ಕುರಿನಾಯಿಗೆ ಬೈದ್ರೆ ತಪ್ಪು ಎಲ್ಲಾಯ್ತು ಅಂತ ಹುಡುಕ್ಕೊಳುತ್ತೆ. ಎರಡೂ ಸೇರಿ ಹುಟ್ಟಿದ್ದು ಇದ್ಯಲ್ಲ, ಇದು ಮೂಲೇಲಿ ಕೂತು ಯೋಚ್ನೆ ಮಾಡುತ್ತೆ. ಇವಳ ಜೊತೆ ಇನ್ಮೇಲೆ ಕೆಲ್ಸ ಮಾಡ್ಬೇಕಾ ಬೇಡ್ವಾ ಅಂತ.”

ಕಣಿವೆಯ ದೊಡ್ಡ ಜಮೀನು ಆಂಬ್ರೋಸ್ ಡೆಂಟ್‌ನದು. ನಾನು ಬಾಡಿಗೆಗಿದ್ದ ಮನೆಯೂ ಅವನದೇ. ಒಂದು ಮಾರ್ಚ್‌ನಲ್ಲಿ ಅವನ ಹೊಲದಲ್ಲೇ ಟೇಮರ್ ಮೊಲ ಹಿಡಿಯುತ್ತಿದ್ದಳು. ಸುತ್ತ ಅರವತ್ತು ಗಬ್ಬದ ಕುರಿಗಳು ಮೇಯುತ್ತಿದ್ದವು. ಟೀಸಲ್ ಅವುಗಳ ನಡುವೆಯೇ ಓಡಾಡಿದರೂ ಒಂದು ಕುರಿಯೂ ತಲೆ ಎತ್ತಲಿಲ್ಲ. ಡೆಂಟ್‌ಗೆ ಆಸೆ ಹತ್ತಿತು.

“ಏನಮ್ಮಾ ಟೇಮರ್, ಈ ನಾಯಿ ನಂಗೆ ಕೊಟ್ಬಿಡು. ಹೆಂಗಸರ ಕೈಲಿ ವ್ಯರ್ಥ ಆಗ್ತಿದೆ. ಇದನ್ನ ಬಯಲಲ್ಲಿ ಓಡೋ ಕಾಡುಮೊಲದ ಹಿಂದೆ ಬಿಟ್ರೆ ಊರೇ ನೋಡೋಕೆ ಬರುತ್ತೆ.”

“ನಿನ್ನ ಗಂಟ್ಲು ಕಿತ್ತು ಗೂಟಕ್ಕೆ ನೇತು ಹಾಕಿ ಬಾ, ಆಮೇಲೆ ಕೊಡೋ ವಿಚಾರ ಮಾಡೋಣ. ಅಷ್ಟು ಕಿರುಚೋ ಗಂಡಸಿನ ಹತ್ರ ಈ ನಾಯಿ ಒಂದು ಗಂಟೆ ಬಾಳಲ್ಲ.”

ಅಲ್ಲಿದ್ದ ಕುರುಬರು ನಕ್ಕರು. ಡೆಂಟ್ ನಗಲಿಲ್ಲ.

ಮರುವರ್ಷ ಜನವರಿಯಲ್ಲಿ ಟೇಮರ್‌ಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಪಟ್ಟಣದ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದರು. ಇಪ್ಪತ್ತು ದಿನ ಅಲ್ಲೇ ಮಲಗಿದ್ದಳು. ಆ ಚಳಿಗಾಲದಲ್ಲಿ ಜಾಂಟಿಯ ಎರಡು ಹಸುಗಳಿಗೆ ಮೇವು ಮುಗಿದಿತ್ತು. ಡೆಂಟ್ ಒಂದು ಗಾಡಿ ಒಣಹುಲ್ಲು ಕಳಿಸಿದ. ಬದಲಿಗೆ ‘ಸುಮ್ಮನೆ ಹದಿನೈದು ದಿನಕ್ಕೆ’ ಎಂದು ನಾಯಿಯನ್ನು ಒಯ್ದ. ಜಾಂಟಿ ಕೊಟ್ಟುಬಿಟ್ಟ. ಹೇಡಿ. ಆ ಪದವನ್ನು ನನಗೇ ಬಳಸಿಕೊಳ್ಳಬೇಕಾಗುತ್ತದೆ, ಆದರೂ ಬರೆಯುತ್ತೇನೆ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಬೆಳಗಿನ ಹತ್ತು ಗಂಟೆ. ಸೈಕಲ್ಲಿನ ಸರಪಳಿ ಜಾರಿ, ಡೆಂಟ್‌ನ ಹೊಲದ ಕಲ್ಲುಗೋಡೆಯ ಪಕ್ಕ ಬಗ್ಗಿ ಕೂತಿದ್ದೆ. ಗೋಡೆಯ ಆಚೆ ಡೆಂಟ್ ಮತ್ತು ಪಟ್ಟಣದಿಂದ ಮೋಜಿಗೆ ಬಂದಿದ್ದ ಅವನ ಮೂವರು ಸ್ನೇಹಿತರು. ಒಂದು ಕಾಡುಮೊಲ ಎದ್ದಿತು. “ಹಿಡಿ! ಹಿಡಿ!” ಎಂದು ಡೆಂಟ್ ಗಂಟಲು ಹರಿಯುವಂತೆ ಕೂಗಿದ. ಮೊಲ ಕುರಿಹಿಂಡಿನ ಒಳಗೇ ನುಗ್ಗಿತು. ಟೀಸಲ್ ನುಗ್ಗಲಿಲ್ಲ. ಒಂದು ಗಳಿಗೆ ನಿಂತು ನೋಡಿತು. ಆಮೇಲೆ ಹಿಂಡನ್ನು ದೂರದಿಂದ ಬಳಸಿಕೊಂಡು, ಮೊಲ ಹೊರಬೀಳುವ ಗೇಟಿನ ಕಡೆಗೆ ಬಿಲ್ಲಿನಂತೆ ಬಾಗಿ ಓಡಿತು. ಕುರಿಗಳಿಗೆ ಸೋಂಕದಂತೆ ಬೇಟೆಗೆ ಅಡ್ಡ ಹೋಗುವ ಆ ಬುದ್ಧಿ ಅದಕ್ಕೆ ಯಾರೂ ಕಲಿಸಿದ್ದಲ್ಲ. ತಂದೆಯ ರಕ್ತದಿಂದ ಬಂದದ್ದು.

ಡೆಂಟ್‌ಗೆ ಕಂಡದ್ದು, ನಾಯಿ ಮೊಲ ಬಿಟ್ಟು ಬೇರೆ ಕಡೆ ಓಡಿತು ಎಂದಷ್ಟೆ. “ಆ ಕಡೆ ಅಲ್ಲ, ದರಿದ್ರದ್ದೇ! ಬಾ ಇಲ್ಲಿ!” ಎಂದು ಕಿರುಚಿದ. ಗೇಟಿಗೆ ಹತ್ತು ಮಾರು ಇದ್ದಾಗ ನಾಯಿ ನಿಂತಿತು. ಅವನ ಕಡೆ ತಿರುಗಿ ನೋಡಿತು. ಮತ್ತೆ ಕಿರುಚಿದ. ಅದು ಅಲ್ಲೇ ಹೊಟ್ಟೆ ನೆಲಕ್ಕೊತ್ತಿ ಮಲಗಿಬಿಟ್ಟಿತು. ಮೊಲ ಗೇಟಿನ ಕೆಳಗೆ ನುಸುಳಿ ಹೋಯಿತು. ಸ್ನೇಹಿತರು ಬಿದ್ದು ಬಿದ್ದು ನಕ್ಕರು.

ಡೆಂಟ್ ನಡೆದುಹೋಗಿ ಕೈಯಲ್ಲಿದ್ದ ದೊಣ್ಣೆಯಿಂದ ಬಾರಿಸತೊಡಗಿದ. ನಾಯಿ ಓಡಲಿಲ್ಲ, ಕಚ್ಚಲಿಲ್ಲ, ಅರಚಲೂ ಇಲ್ಲ. ಸುಮ್ಮನೆ ಏಟು ತಿಂದಿತು. ಅದೇ ಅವನನ್ನು ಇನ್ನೂ ರೇಗಿಸಿರಬೇಕು, ದೊಣ್ಣೆ ಮುರಿಯುವ ತನಕ ಹೊಡೆದ.

ನಾನು ಸರಪಳಿ ಸರಿಮಾಡಿಕೊಂಡು ಉಳಿದ ಕಾಗದ ಹಂಚಲು ಹೋದೆ.

ಸಂಜೆ ಡೆಂಟ್ ನಾಯಿಯ ಕುತ್ತಿಗೆಗೆ ಹಗ್ಗ ಬಿಗಿದು ಜಾಂಟಿಯ ಅಂಗಳದಲ್ಲಿ ಎಸೆದು ಹೋದ. ಮರುದಿನ ಕಣಿವೆಯಲ್ಲೆಲ್ಲ ಒಂದೇ ಮಾತು. ಟೇಮರಳ ನಾಯಿ ಡೆಂಟ್‌ನ ಗಬ್ಬದ ಕುರಿಗಳನ್ನು ಅಟ್ಟಾಡಿಸಿತಂತೆ, ಅದಕ್ಕೇ ಹೊಡೆದನಂತೆ. ನಮ್ಮಲ್ಲಿ ಕೊಲೆಗಾರನಿಗಾದರೂ ವಕೀಲ ಸಿಗುತ್ತಾನೆ. ಕುರಿ ಅಟ್ಟುತ್ತದೆ ಎಂದು ಹೆಸರು ಬಂದ ನಾಯಿಗೆ ಗುಂಡು ಮಾತ್ರ. ಸ್ನೇಹಿತರೆದುರು ಆದ ಅವಮಾನ ಮುಚ್ಚಿಕೊಳ್ಳಲು ಆ ಮನುಷ್ಯ ಒಂದು ಜೀವಕ್ಕೆ ಆ ಹೆಸರು ಹಚ್ಚಿದ್ದ.

ಹತ್ತು ದಿನದ ಮೇಲೆ ಟೇಮರ್ ಮನೆಗೆ ಬಂದಳು. ನಾಯಿ ಪಾತ್ರೆ ಕಪಾಟಿನ ಕೆಳಗೆ ಸೇರಿಕೊಂಡಿತ್ತು, ಅವಳಿಗೂ ಹೊರಬರಲಿಲ್ಲ. ಅವಳು ನೆಲದ ಮೇಲೆ ಅಂಗಾತ ಮಲಗಿ, ಕೈ ಚಾಚಿ ಅದರ ಪಕ್ಕೆಲುಬು ಸವರಿ ನೋಡಿದಳಂತೆ. ಜಾಂಟಿ ಹೇಳಲೇಬೇಕಾಯಿತು.

ಮಾರನೆಯ ದಿನ ಕುರಿ ಹರಾಜು. ಹೊಟ್ಟೆಯ ಹೊಲಿಗೆ ಹಸಿಯಿರುವಾಗಲೇ ಅವಳು ಎರಡು ಮೈಲಿ ನಡೆದು ಬಂದಳು. ನಾನು ಅಲ್ಲಿನ ಕಚೇರಿಗೆ ಕಾಗದ ಕೊಡಲು ಹೋಗಿದ್ದೆ. ಹರಾಜಿನ ಕಟಾಂಜನದ ಸುತ್ತ ನೂರು ಜನ. ಅವಳು ನೇರ ಒಳಗಿಳಿದು, ಮಾರಾಟಕ್ಕೆ ನಿಂತಿದ್ದ ಕುರಿಗಳ ನಡುವೆ ನಿಂತಳು.

“ಆಂಬ್ರೋಸ್ ಡೆಂಟ್! ನನ್ನ ನಾಯಿ ನಿನ್ನ ಯಾವ ಕುರಿ ಮುಟ್ತು? ತೋರ್ಸು.”

“ಮನೆಗೆ ಹೋಗಮ್ಮ. ಹುಷಾರಿಲ್ಲ ನಿಂಗೆ.”

“ಹುಷಾರಿಲ್ಲದ್ದು ನನ್ನ ಹೊಟ್ಟೆಗೆ, ಕಣ್ಣಿಗಲ್ಲ. ಕಚ್ಚಿದ ಕಾಲು ಎಲ್ಲಿ? ಕಿತ್ತ ಉಣ್ಣೆ ಎಲ್ಲಿ? ಗಬ್ಬ ಕಳ್ಕೊಂಡ ಕುರಿ ಎಲ್ಲಿ?”

ಮುದಿ ಕುರುಬನೊಬ್ಬ ನ್ಯಾಯ ಹೇಳಲು ಬಂದ. “ಜಗಳ ಯಾಕೆ ಟೇಮರ್? ನಾಯೀನ ಕರ್ಕೊಂಡು ಬಾ, ಕುರಿ ಮಧ್ಯೆ ಬಿಡೋಣ. ಎಲ್ರೂ ನೋಡ್ಲಿ.”

“ತರಲ್ಲ!” ಅವಳ ದನಿಗೆ ತಗಡಿನ ಮಾಡು ನಡುಗಿತು. “ಎಲುಬು ಮುರ್ಕೊಂಡು ಬಿದ್ದಿರೋದಕ್ಕೆ ಪರೀಕ್ಷೆನಾ? ಮಾತಾಡಿದ್ದು ಇವನು. ಇವನು ಕೊಡ್ಲಿ ಪರೀಕ್ಷೆ. ಕುರಿ ತೋರ್ಸೋ!”

ಡೆಂಟ್‌ನ ಮುಖ ಕೆಂಪಾಯಿತು. “ಅಲೆಮಾರಿಗಳು ಸಾಕೋ ಬೆರಕೆ ನಾಯಿಗೆ ಇಷ್ಟೊಂದು ಗಲಾಟೆ! ಓಡಿಸ್ತು ಅಂದ್ರೆ ಓಡಿಸ್ತು. ನೋಡಿದವನು ನಾನು.”

“ಇನ್ಯಾರು ನೋಡಿದ್ರು?”

ಮನೆ, ಹೆಂಡತಿ, ಕೈಗೂಸು, ಎಲ್ಲ ಕಣ್ಣ ಮುಂದೆ ಬಂದು ಹೋಯಿತು. ಆಮೇಲೆ ನನ್ನ ದನಿಯೇ ನನಗೆ ಕೇಳಿಸಿತು: “ಗೋಡೆ ಆಚೆಯಿಂದ ನಾನು ನೋಡ್ದೆ. ನಾಯಿ ಕುರಿಗಳನ್ನ ಬಳಸ್ಕೊಂಡು ಹೋಯ್ತು. ಒಂದನ್ನೂ ಮುಟ್ಲಿಲ್ಲ. ಮಲಗಿದ್ದಾಗ ಹೊಡೆದ್ರು.”

ಜನ ಗುಜುಗುಜು ಎಂದರು. ಯಾರೋ ಹಿಂದಿನಿಂದ “ಥೂ” ಎಂದರು. ಡೆಂಟ್ ನನ್ನನ್ನೊಮ್ಮೆ ನೋಡಿ, ಟೋಪಿ ಎಳೆದುಕೊಂಡು ಹೊರಗೆ ನಡೆದ. ಅಷ್ಟೇ. ಕ್ಷಮೆಯೂ ಇಲ್ಲ, ಶಿಕ್ಷೆಯೂ ಇಲ್ಲ. ನಾಯಿಗೆ ಗುಂಡಿಕ್ಕುವ ಮಾತು ಮಾತ್ರ ಅಲ್ಲಿಗೆ ನಿಂತಿತು.

ಟೇಮರ್ ನನ್ನ ಹತ್ತಿರ ಬಂದಳು. ಕೃತಜ್ಞತೆ ಹೇಳುತ್ತಾಳೆ ಎಂದುಕೊಂಡೆ, ನಾಚಿಕೆಗೆಟ್ಟವನು.

“ಹತ್ತು ದಿನ” ಅಂದಳು, ಮೆಲ್ಲಗೆ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ಹತ್ತು ದಿನ ನಮ್ಮನೆ ಬಾಗಿಲಿಗೆ ಬಂದು ಹೋಗಿದೀಯ. ಒಳಗೆ ಅದು ನರಳ್ತಾ ಇತ್ತು. ಗೋಡೆ ಹಾರಿ ಒಂದ್ಸಲ ‘ಬಿಡಯ್ಯ’ ಅನ್ನೋಕೆ ನಿಂಗೇನಾಗಿತ್ತು?”

ವಸಂತದೊಳಗೆ ಡೆಂಟ್ ನಮ್ಮನ್ನು ಮನೆ ಬಿಡಿಸಿದ. ಅದನ್ನು ತ್ಯಾಗ ಎಂದು ಹೇಳಿಕೊಳ್ಳುವ ಮುಖ ನನಗಿಲ್ಲ.

ನಾಯಿಯ ಎಲುಬು ಏಪ್ರಿಲ್‌ಗೆ ಕೂಡಿಕೊಂಡಿತು. ಮನಸ್ಸು ಕೂಡಲಿಲ್ಲ. ಬಿಲದ ಹತ್ತಿರ ಕರೆದೊಯ್ದರೆ ಎಲ್ಲೋ ನೋಡುತ್ತ ಕೂರುತ್ತಿತ್ತು. ಟೇಮರ್ ಜಾಂಟಿಯ ಮೇಲೆ ಕೂಗಿದರೂ ಕಪಾಟಿನ ಕೆಳಗೆ ಓಡುತ್ತಿತ್ತು. ಹಾಗಾಗಿ ಅವಳು ಮನೆಯೊಳಗೆ ಕೂಗುವುದನ್ನೇ ಬಿಟ್ಟಳು. ಸಿಟ್ಟು ಬಂದರೆ ಅರ್ಧ ಮೈಲಿ ನಡೆದು, ಹೊಳೆ ಧುಮುಕುವ ಸದ್ದಿನಲ್ಲಿ ನಿಂತು ಕಿರುಚಿ ಬರುತ್ತಿದ್ದಳು. ನಾನೇ ಎಷ್ಟೋ ಸಲ ಕಂಡಿದ್ದೇನೆ. ಜಾಂಟಿಗೆ ಎರಡು ವರ್ಷ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಒಂದು ದಿನ ಟೀಸಲ್ ತಾನಾಗಿ ಎದ್ದು ಬಿಲವೊಂದರ ಮುಂದೆ ಕಲ್ಲಿನಂತೆ ನಿಂತಿತಂತೆ. ಟೇಮರ್ ಬಲೆ ಹಾಸಿದಳು. ಅಂದಿನಿಂದ ಅವರಿಬ್ಬರೂ ಬಾಯಿಲ್ಲದೆ, ಬರೀ ಕೈಸನ್ನೆಯಲ್ಲಿ ಕೆಲಸ ಮಾಡಿದರು. ಆದರೆ ಗಂಡಸೊಬ್ಬ ಗೇಟಿನ ಹತ್ತಿರ ಬಂದರೆ ಸಾಕು, ನಾಯಿ ಕೆಲಸ ನಿಲ್ಲಿಸಿ ಮಲಗುತ್ತಿತ್ತು. ರೈತರು ತಮ್ಮದೇ ಹೊಲಕ್ಕೆ ಬಾರದೆ ದೂರ ನಿಲ್ಲಬೇಕಾಯಿತು. ಡೆಂಟ್‌ನ ಹುಲ್ಲುಗಾವಲನ್ನು ಮೊಲಗಳು ಬೇರುಸಹಿತ ಮೇಯ್ದಾಗ ಅವನು ಆಳಿನ ಕೈಯಲ್ಲಿ ಹೇಳಿ ಕಳಿಸಿದ. “ನಾಲ್ಕು ಕಾಲಲ್ಲಿ ನಿಂತು ಅವನೇ ಹಿಡ್ಕೊಳ್ಳಲಿ ಅನ್ನು” ಎಂದು ಅಟ್ಟಿದಳು.

ಟೀಸಲ್ ಒಂದೇ ಸಲ ಮರಿ ಹಾಕಿತು, ಆರು. ಮರಿ ಕೇಳಲು ಬಂದವರನ್ನು ಟೇಮರ್ ಕೂರಿಸಿಕೊಂಡು ಚಹಾ ಕೊಟ್ಟು, ಬೇಕೆಂದೇ ಬೈದು ರೇಗಿಸುತ್ತಿದ್ದಳು. ಎದುರು ದನಿ ಏರಿಸಿದವನಿಗೆ ಬಾಗಿಲು ತೋರಿಸುತ್ತಿದ್ದಳು. ನಾನೂ ಒಂದು ದಿನ ಟೋಪಿ ಕೈಯಲ್ಲಿ ಹಿಡಿದು ಕೇಳಿದೆ. ನನಗೆ ಬೈಯಲಿಲ್ಲ.

“ನೀನು ಯಾವತ್ತೂ ನಾಯಿಗೆ ಹೊಡೆಯೋನಲ್ಲ, ಗೊತ್ತು” ಅಂದಳು. “ಆದ್ರೆ ಬೇರೆಯವರು ಹೊಡೆದ್ರೆ ನೋಡ್ಕೊಂಡು ನಿಂತಿರ್ತೀಯ. ನಿಂಗೆ ಕೊಡಲ್ಲ.”

ಆರನೆಯ ಮರಿಗೆ ಅವಳಿಗೊಪ್ಪುವ ಗಿರಾಕಿ ಸಿಗಲಿಲ್ಲ, ಅದನ್ನು ಅವಳೇ ಇಟ್ಟುಕೊಂಡಳು. ನಾನು ಕೆಲಸದಿಂದ ನಿವೃತ್ತನಾಗುವವರೆಗೂ ಅದು ನನ್ನ ಸೈಕಲ್ ಕಂಡರೆ ಬಾಲ ಆಡಿಸುತ್ತ ಗೇಟಿಗೆ ಓಡಿಬರುತ್ತಿತ್ತು. ಕಾಗದ ಇಸಿದುಕೊಳ್ಳಲು ಟೇಮರ್ ಬರುತ್ತಿದ್ದಳು. ಒಂದು ದಿನವೂ ಒಳಗೆ ಕರೆಯಲಿಲ್ಲ.